ತಾರೆಯ ಮನೆಮಾತು, ಅಭಿಮಾನಿಯ ಊರು: ಕೊಲ್ಹಾಪುರ ಸೀಮೆಯ ಕನ್ನಡದ ನೆಲೆಯಿಂದ

2022ರ ಮೇ 3, ಅಕ್ಷಯ ತೃತೀಯೆಯ ದಿನ, ಮರಾಠಿ ಕಿರುತೆರೆಯ ನಟ ಹಾರ್ದಿಕ ಜೋಶಿ ಮತ್ತು ನಟಿ ಅಕ್ಷಯಾ ದೇವಧರ ತಮ್ಮ ನಿಶ್ಚಿತಾರ್ಥದ ಚಿತ್ರಗಳನ್ನು ಇನ್‌ಸ್ಟಾಗ್ರಾಮಿನಲ್ಲಿ ಪ್ರಕಟಿಸಿದರು. ಅದೇ ವರ್ಷದ ಡಿಸೆಂಬರ್ 2ರಂದು ಪುಣೆಯಲ್ಲಿ ಅವರ ವಿವಾಹ ನೆರವೇರಿತು; ಅದರ ಚಿತ್ರಗಳೂ ಅದೇ ದಾರಿಯಲ್ಲಿ ಬಂದವು. ನಟನಟಿಯರ ಮದುವೆ ಸುದ್ದಿಯಾಗುವುದು ಹೊಸತಲ್ಲ. ಕೊಲ್ಹಾಪುರ ಜಿಲ್ಲೆಯ ಮಟ್ಟಿಗೆ ಮಾತ್ರ ಈ ಮದುವೆಗೆ ಬೇರೊಂದು ಅರ್ಥವಿತ್ತು. ಇವರಿಬ್ಬರೂ ನಾಯಕ ನಾಯಕಿಯರಾಗಿದ್ದ ‘ತುಝ್ಯಾತ್ ಜೀವ್ ರಂಗಲಾ’ ಧಾರಾವಾಹಿ 2016ರ ಅಕ್ಟೋಬರಿನಿಂದ 2021ರ ಜನವರಿಯವರೆಗೆ ಝೀ ಮರಾಠಿಯಲ್ಲಿ ಪ್ರಸಾರವಾಗಿತ್ತು. ಅದರ ಕಥೆಯ ಊರು ಈ ಸೀಮೆಯದು, ಮಾತಿನ ವರಸೆ ಕೊಲ್ಹಾಪುರಿ ಮರಾಠಿಯದು, ಚಿತ್ರೀಕರಣ ನಡೆದದ್ದು ಕೊಲ್ಹಾಪುರಕ್ಕೆ ಸಮೀಪದ ವಸಗಡೆಯಲ್ಲಿ. ಅಕ್ಷರ ಒಲಿಯದ ಪೈಲವಾನ ರಾಣಾ ಮತ್ತು ಶಾಲೆಯ ಶಿಕ್ಷಕಿ ಅಂಜಲಿ ಪಾಠಕ ನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ಸಂಜೆಯ ಊಟದ ಹೊತ್ತಿಗೆ ಈ ಜಿಲ್ಲೆಯ ಮನೆಗಳಿಗೆ ಬಂದು ಹೋದವರು. ಹೀಗಾಗಿ ನಿಶ್ಚಿತಾರ್ಥದ ಸುದ್ದಿ ಹೊರಬಿದ್ದಾಗ ಪತ್ರಿಕೆಗಳ ತಲೆಬರಹಗಳಲ್ಲಿ ಮುಂದೆ ನಿಂತದ್ದು ನಟರ ನಿಜನಾಮಗಳಲ್ಲ. ‘ರಾಣಾ ದಾ’ ಮತ್ತು ‘ಪಾಠಕ ಬಾಯಿ’. ‘ದಾ’ ಎಂದರೆ ದಾದಾ, ಅಣ್ಣ. ಅಣ್ಣನ ಮದುವೆ ಅಂದಮೇಲೆ ಅದು ಮನೆಯದೇ ಕಾರ್ಯ.

ಇದೇ ಕಥೆ 2017ರಲ್ಲಿ ‘ಜೋಡಿ ಹಕ್ಕಿ’ ಎಂಬ ಹೆಸರಿನಲ್ಲಿ ಝೀ ಕನ್ನಡಕ್ಕೂ ಬಂತು. ಗಡಹಿಂಗ್ಲಜ ತಾಲ್ಲೂಕಿನ ಕನ್ನಡ ಮನೆಮಾತಿನ ಕುಟುಂಬವೊಂದು ಬಯಸಿದರೆ ಒಂದೇ ಕಥೆಯನ್ನು ಎರಡು ಭಾಷೆಗಳಲ್ಲಿ ನೋಡಬಹುದಾಗಿತ್ತು. ತಾಯ್ನುಡಿಯ ತರ್ಕವನ್ನೇ ಹಿಡಿದು ಹೊರಟರೆ ಆ ಕುಟುಂಬಕ್ಕೆ ಕನ್ನಡದ ಜೋಡಿ ಹತ್ತಿರವಾಗಬೇಕು. ಆದರೆ ಆ ಕನ್ನಡ ಹಿರಣ್ಯಕೇಶಿ ದಂಡೆಯ ಕನ್ನಡವಲ್ಲ, ಆ ಊರಿಗೆ ಇಲ್ಲಿಂದ ಹೋಗುವ ಬಸ್ಸಿಲ್ಲ. ವಸಗಡೆಗೆ ಬಸ್ಸಿದೆ. ಭಾಷೆಗಿಂತ ಬಸ್ಸು ಮುಂದೆ ನಿಲ್ಲುವ ಈ ಸಂಗತಿಯನ್ನು ಭಾಷಾಭಿಮಾನದ ಕೊರತೆಯೆಂದು ಬಗೆಯುವುದು ಸುಲಭ. ನಮ್ಮ ಗಡಿ ಕುರಿತ ಬರಹಗಳು ಬಹುತೇಕ ಹಾಗೆಯೇ ಬಗೆದಿವೆ. ತಾರೆಯರು ತಮ್ಮ ಖಾಸಗಿ ಬದುಕನ್ನು ಜಾಲತಾಣಗಳಲ್ಲಿ ತೆರೆದಿಡುವಾಗ ಅಭಿಮಾನಿಗಳಲ್ಲಿ ಹುಟ್ಟುವ ಸಮುದಾಯಪ್ರಜ್ಞೆಯನ್ನು ಈ ಮೂರು ಊರುಗಳಲ್ಲಿ ನಿಂತು ನೋಡಿದರೆ ಬೇರೊಂದು ವಿವರಣೆ ಕಾಣಿಸುತ್ತದೆ. ತಾರೆ ಕೊಡುವುದು ಆಪ್ತತೆಯನ್ನು. ಅದು ಸಮುದಾಯವಾಗಬೇಕಾದರೆ ಅದನ್ನು ಬರಮಾಡಿಕೊಳ್ಳುವ ಕಟ್ಟೆಯೊಂದು ಊರಿನಲ್ಲಿ ಮೊದಲೇ ಇರಬೇಕು. ಕೊಲ್ಹಾಪುರ ಸೀಮೆಯಲ್ಲಿ ಮರಾಠಿಗೆ ಅಂಥ ಕಟ್ಟೆಗಳು ಹೇರಳವಾಗಿವೆ. ಕನ್ನಡಕ್ಕೆ ಇಲ್ಲವೆನ್ನುವಷ್ಟು ಕಡಿಮೆ.

ಈ ವಿದ್ಯಮಾನಕ್ಕೆ ಶಾಸ್ತ್ರದ ಹೆಸರು ಹಳೆಯದೇ. ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ 1956ರಲ್ಲಿ, ದೂರದರ್ಶನದ ಆರಂಭದ ದಿನಗಳಲ್ಲಿ, ತೆರೆಯ ಮೇಲಿನ ವ್ಯಕ್ತಿಯೊಡನೆ ನೋಡುಗ ಬೆಳೆಸಿಕೊಳ್ಳುವ ಏಕಮುಖ ಸ್ನೇಹವನ್ನು ಪರಾಸಾಮಾಜಿಕ ಸಂಬಂಧವೆಂದು ಕರೆದರು. ಇಂದಿಗೂ ಜಾಲತಾಣದ ಅಧ್ಯಯನಗಳು ಈ ಪರಿಕಲ್ಪನೆಯನ್ನೇ ಊರುಗೋಲಾಗಿ ಹಿಡಿದು ನಡೆಯುತ್ತವೆ. ಅದರ ಮಿತಿ ಸ್ಪಷ್ಟ: ಅದು ಅಳೆಯುವುದು ತಾರೆಗೂ ಅಭಿಮಾನಿಗೂ ನಡುವಿನ ಎಳೆಯನ್ನು. ಅಭಿಮಾನಿಗೂ ಅಭಿಮಾನಿಗೂ ನಡುವಿನ ಎಳೆ ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಸಮುದಾಯವಿರುವುದು ಆ ಎರಡನೆಯ ಎಳೆಯಲ್ಲಿ. ದಕ್ಷಿಣ ಭಾರತದ ಅಭಿಮಾನವನ್ನು ಕುರಿತ ಚಿಂತನೆ ಇದನ್ನು ಬಹು ಹಿಂದೆಯೇ ಕಂಡುಕೊಂಡಿತ್ತು. ತೆಲುಗು ಅಭಿಮಾನಿ ಸಂಘಗಳ ಬಗ್ಗೆ ಎಸ್. ವಿ. ಶ್ರೀನಿವಾಸ್ ಮಾಡಿದ ಕೆಲಸವನ್ನೂ, ಎಂಜಿಆರ್, ಎನ್‌ಟಿಆರ್, ರಾಜ್‌ಕುಮಾರ್ ಮೂವರನ್ನೂ ಭಾಷಾ ರಾಷ್ಟ್ರೀಯತೆಯ ಚೌಕಟ್ಟಿನಲ್ಲಿಟ್ಟು ಎಂ. ಮಾಧವ ಪ್ರಸಾದ್ ನಡೆಸಿದ ಚರ್ಚೆಯನ್ನೂ ನೆನೆಯಬಹುದು. ಅಲ್ಲಿ ತಾರೆಗಿಂತ ಸಂಘ ಮುಖ್ಯ. ಆದರೆ ಆ ಚರ್ಚೆಗಳ ಭೂಪಟ ರಾಜ್ಯದ ಗಡಿಯೊಳಗಿನದು. ರಾಜ್ಯದ ಹೊರಗುಳಿದ ಭಾಷಿಕನ ಪಾಡು ಅಲ್ಲಿ ಪ್ರಶ್ನೆಯಾಗಿ ಏಳಲಿಲ್ಲ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ‘ಶೇರ್ ಮಾಡು’ ಎಂಬುದನ್ನು ನಾವು ‘ಹಂಚಿಕೊಳ್ಳು’ ಎಂದು ಅನುವಾದಿಸಿಕೊಂಡು ನೆಮ್ಮದಿಯಾಗಿದ್ದೇವೆ. ಹಂಚುವುದೆಂದರೆ ಪಾಲು ಮಾಡುವುದು. ಹಂಚಿದಷ್ಟು ನಮ್ಮ ಪಾಲು ಕಡಿಮೆಯಾಗಬೇಕು. ಸುಖದುಃಖದ ವಿಷಯಕ್ಕೆ ಹಳಗಾಲದ ಮನೆಗಳಲ್ಲಿದ್ದ ಮಾತು ‘ತೋಡಿಕೊಳ್ಳು’, ‘ಹೇಳಿಕೊಳ್ಳು’. ಎದುರಿಗೆ ಕೇಳುವವರೊಬ್ಬರು ಕೂತಿರದೆ ಯಾರೂ ಏನನ್ನೂ ತೋಡಿಕೊಳ್ಳಲಾರರು. ಮರಾಠಿಯ ‘ವಾಟಣೆ’ ಇನ್ನೂ ಸ್ವಾರಸ್ಯಕರ: ಒಂದೇ ರೂಪದಲ್ಲಿ ಹಂಚುವುದು ಎಂಬ ಅರ್ಥವೂ ಇದೆ, ಅನ್ನಿಸುವುದು ಎಂಬ ಅರ್ಥವೂ ಇದೆ. ವ್ಯುತ್ಪತ್ತಿಯ ವಾದಕ್ಕೆ ನಾನು ಇಳಿಯುತ್ತಿಲ್ಲ. ಎರಡೂ ಭಾಷೆಗಳ ಜನ ಈಗ ‘ಶೇರ್’ ಎಂಬ ಮೂರನೆಯ ಪದವನ್ನೇ ಆಡುವುದರಲ್ಲಿ ಒಂದು ವಿವೇಕವಿದೆ ಎಂದಷ್ಟೇ ನನ್ನ ಗುಮಾನಿ. ತಾರೆಯೊಬ್ಬ ತನ್ನ ಮಗುವಿನ ಚಿತ್ರ ಪ್ರಕಟಿಸಿದಾಗ ಆಗುವುದು ಹಂಚುವುದೂ ಅಲ್ಲ, ತೋಡಿಕೊಳ್ಳುವುದೂ ಅಲ್ಲ.

ಕೊಲ್ಹಾಪುರದ ಕಟ್ಟೆಗಳ ಮಾತಿಗೆ ಬರುವುದಾದರೆ, ಅವುಗಳಲ್ಲಿ ಮೊದಲನೆಯದು ತಾಲೀಮು. ಶಾಹೂ ಮಹಾರಾಜರ ಕಾಲದಿಂದ ಕುಸ್ತಿಗೆ ಹೆಸರಾದ ಈ ಊರಿನಲ್ಲಿ ತಾಲೀಮೆಂದರೆ ಕೇವಲ ಗರಡಿಮನೆಯಲ್ಲ. ಪೇಟೆಗೊಂದು ತಾಲೀಮು, ತಾಲೀಮಿಗೊಂದು ಗಣಪತಿ, ಅದರದ್ದೇ ಫುಟ್‌ಬಾಲ್ ತಂಡ. ಪಾಟಾಕಡೀಲ, ಖಂಡೋಬಾ, ಬಾಲಗೋಪಾಲ, ದಿಲಬಹಾರ್ ತಾಲೀಮುಗಳು ಮೈದಾನಕ್ಕಿಳಿದರೆ ಊರು ಎರಡಾಗುತ್ತದೆ. ಗಡಹಿಂಗ್ಲಜಕ್ಕೂ ಈ ಕಾಲ್ಚೆಂಡಿನ ಹುಚ್ಚು ಹಳೆಯದು. ವಿಶ್ವಕಪ್ಪಿನ ದಿನಗಳಲ್ಲಿ ಕೊಲ್ಹಾಪುರದ ಚೌಕಗಳಲ್ಲಿ ಮೆಸ್ಸಿ, ನೇಮಾರ್, ರೊನಾಲ್ಡೊರ ಆಳೆತ್ತರದ ಕಟೌಟುಗಳು ಏಳುತ್ತವೆ. 2022ರ ಡಿಸೆಂಬರಿನಲ್ಲಿ ವಿಶ್ವಕಪ್ ಗೆದ್ದ ಮೆಸ್ಸಿ ಇನ್‌ಸ್ಟಾಗ್ರಾಮಿನಲ್ಲಿ ಹಾಕಿದ ಚಿತ್ರಗಳು ಲೋಕದಲ್ಲೇ ಅತಿ ಹೆಚ್ಚು ಮೆಚ್ಚುಗೆ ಪಡೆದ ಪ್ರಕಟಣೆಯಾದವು. ಕಪ್ಪನ್ನು ಪಕ್ಕದಲ್ಲಿಟ್ಟುಕೊಂಡು ಹಾಸಿಗೆಯಲ್ಲಿ ಮಲಗಿದ ಅವನ ಚಿತ್ರವೂ ಆ ವಾರ ಮನೆಮನೆಯ ಫೋನುಗಳಿಗೆ ಬಂತು. ಅವನ ಭಾಷೆ ಇಲ್ಲಿ ಯಾರಿಗೂ ಬಾರದು. ಆದರೂ ಆ ಚಿತ್ರ ಪೇಟೆಯ ಚಿತ್ರವಾಗಬಲ್ಲದು; ಯಾಕೆಂದರೆ ಅದನ್ನು ತೋರಿಸಲು, ಜಗಳವಾಡಲು, ಕಟೌಟಿಗೆ ಚಂದಾ ಎತ್ತಲು ತಾಲೀಮಿನ ಕಟ್ಟೆ ಇದೆ. ರಾಣಾ ದಾನ ಮದುವೆಗೂ ಅದೇ ಕಟ್ಟೆ ಒದಗಿತು. ಅವನು ತೆರೆಯ ಮೇಲೂ ಕೆಮ್ಮಣ್ಣಿನಲ್ಲಿ ಮಿಂದ ಪೈಲವಾನನೇ ತಾನೆ.

ಕನ್ನಡಕ್ಕೆ ಈ ಊರಿನಲ್ಲಿ ಜಾಗವೇ ಇರಲಿಲ್ಲವೆಂದಲ್ಲ. ಮಹಾಲಕ್ಷ್ಮಿಯ ಗುಡಿಯ ಶಾಸನಗಳನ್ನೂ ಶಿಲಾಹಾರರನ್ನೂ ಈ ಪತ್ರಿಕೆಯ ಓದುಗರಿಗೆ ನೆನಪಿಸಬೇಕಾಗಿಲ್ಲ. ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತಯಾರಾದದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ವೈ. ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು ಇಂದ್ರಜಿತು, ಆರ್. ನಾಗೇಂದ್ರರಾಯರು ರಾವಣ, ತ್ರಿಪುರಾಂಬ ಸುಲೋಚನೆ. ಚಿತ್ರ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಕನ್ನಡದ ತಾರೆ ಮೊದಲು ಬಾಯಿಬಿಟ್ಟದ್ದು ಕೊಲ್ಹಾಪುರದಲ್ಲಿ, ಅದನ್ನು ಮೊದಲು ಕೇಳಿಸಿಕೊಂಡದ್ದು ಬೆಂಗಳೂರು. ಬಾಬೂರಾವ್ ಪೇಂಟರ್ ಇಲ್ಲಿ ಮಹಾರಾಷ್ಟ್ರ ಫಿಲ್ಮ್ ಕಂಪನಿ ಕಟ್ಟಿದ್ದು, 1929ರಲ್ಲಿ ಪ್ರಭಾತ್ ಕಂಪನಿ ಇಲ್ಲಿಯೇ ಹುಟ್ಟಿದ್ದು ಈ ಊರಿನ ಹೆಮ್ಮೆಯ ಕಥನದೊಳಗೆ ಸೇರಿಕೊಂಡಿವೆ. ‘ಸತಿ ಸುಲೋಚನ’ ಸೇರಲಿಲ್ಲ. ಕನ್ನಡದ ಚರಿತ್ರೆಕಾರರೂ ಅದನ್ನು ಬೆಂಗಳೂರಿನ ಬಿಡುಗಡೆಯಿಂದಲೇ ಎಣಿಸುತ್ತಾರೆ.

ಆ ಬಳಿಕದ ಕನ್ನಡ ಅಭಿಮಾನದ ಕಥೆ ಸಂಘದ ಕಥೆ. ರಾಜ್‌ಕುಮಾರ್ ಅಭಿಮಾನಿಗಳನ್ನು ‘ಅಭಿಮಾನಿ ದೇವರುಗಳು’ ಎಂದು ಕರೆದರು. ಆ ಸಂಬೋಧನೆ ಎದುರಿಗೆ ನೆರೆದ ಬಹುವಚನಕ್ಕೆ ಸಲ್ಲುವಂಥದು. ವೇದಿಕೆ, ಮೈಕು, ಮೈದಾನ ಅದರ ಪರಿಕರಗಳು. 1982ರ ಗೋಕಾಕ್ ಚಳವಳಿಯಲ್ಲಿ ಆ ದೇವರುಗಳು ಭಾಷಾ ಸಮುದಾಯವಾಗಿ ಬೀದಿಗಿಳಿದದ್ದನ್ನು ನಾವು ಬಲ್ಲೆವು. ಚಳವಳಿಯ ಬೇಡಿಕೆ ಕರ್ನಾಟಕದ ಶಾಲೆಗಳಲ್ಲಿ ಕನ್ನಡದ ಸ್ಥಾನ. ಇಚಲಕರಂಜಿಯ ಶಾಲೆ ಆ ಬೇಡಿಕೆಯ ಪರಿಧಿಯಲ್ಲಿ ಬರುವಂತಿರಲಿಲ್ಲ. 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಕಂಡು, ಮುಂದೆ ಬೆಳಗಾವಿ, ಬಾಗಲಕೋಟೆಗಳ ಕಡೆಯ ನೇಕಾರರನ್ನೂ ಕೂಲಿಗಳನ್ನೂ ಸೆಳೆದುಕೊಂಡು ಬೆಳೆದ ಊರದು. ಅಲ್ಲಿ ಕನ್ನಡ ಓಣಿಯ ಮಾತು, ಅಡುಗೆಮನೆಯ ಮಾತು, ಮಗ್ಗದ ಪಾಳಿ ಮುಗಿಸಿ ಬಂದವನ ಮಾತು. ಫಲಕದ ಮಾತಲ್ಲ, ಅರ್ಜಿಯ ಮಾತಲ್ಲ. ಗಡಹಿಂಗ್ಲಜದವನಿಗೆ ಸಂಕೇಶ್ವರ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಕನ್ನಡ ಚಿತ್ರ ನೋಡಬೇಕೆಂದರೆ ರಾಜ್ಯ ದಾಟಿದರಾಯಿತು. ನೋಡಿ ಮರಳಿದ ಮೇಲೆ ಅದರ ಬಗ್ಗೆ ಮಾತಾಡಲು ಚೌಕವಿಲ್ಲ.

ಇಂಥ ಊರಿಗೆ ಜಾಲತಾಣದ ಕನ್ನಡ ತಾರೆ ಯಾವ ದನಿಯಲ್ಲಿ ಬರುತ್ತಾನೆ? 2024ರ ಡಿಸೆಂಬರಿನಲ್ಲಿ ಶಿವರಾಜ್‌ಕುಮಾರ್ ಮೂತ್ರಕೋಶದ ಕ್ಯಾನ್ಸರಿನ ಚಿಕಿತ್ಸೆಗಾಗಿ ಅಮೆರಿಕಕ್ಕೆ ಹೋದರು. 24ರಂದು ಮಯಾಮಿಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. 2025ರ ಜನವರಿ 1ರಂದು ಪತ್ನಿ ಗೀತಾ ಅವರೊಡನೆ ಕೂತು ಒಂದು ವಿಡಿಯೊ ಮಾಡಿ, ತಾವು ಗುಣಮುಖರಾಗಿರುವುದನ್ನು ತಿಳಿಸಿದರು. ಹೊರಡುವಾಗ ಭಾವುಕರಾದದ್ದು, ಅಂಜಿಕೆಯಾದದ್ದು, ಕೀಮೋಥೆರಪಿಯ ನಡುವೆಯೇ ಚಿತ್ರೀಕರಣ ಮುಗಿಸಿದ್ದು, ವೈದ್ಯರು, ನೆಂಟರು, ಅಭಿಮಾನಿಗಳು ಕೈಹಿಡಿದದ್ದು: ಎಲ್ಲವೂ ಸಾವಕಾಶವಾಗಿ, ಗಂಡ ಹೆಂಡತಿ ಊರಿನ ನೆಂಟರಿಗೆ ಆಸ್ಪತ್ರೆಯ ಸಮಾಚಾರ ಹೇಳುವ ರೀತಿಯಲ್ಲಿ. ಈ ವಿಡಿಯೊವನ್ನು ಒಂದು ಪಠ್ಯವಾಗಿ ಓದಬೇಕೆನ್ನಿಸುತ್ತದೆ. ತೆರೆಯ ಮೇಲೆ ಮಚ್ಚು ಹಿಡಿದು ಬಂದು ಯಶಸ್ಸು ಕಂಡ ನಾಯಕ ಇಲ್ಲಿ ತನ್ನ ದೇಹದ ಒಂದು ಅಂಗದ ಬಗ್ಗೆ, ಅದೂ ಸಾಮಾನ್ಯವಾಗಿ ಗಂಡಸರು ಬಾಯಿಬಿಡದ ಅಂಗದ ಬಗ್ಗೆ, ಸಂಕೋಚವಿಲ್ಲದೆ ಮಾತಾಡುತ್ತಾನೆ. ಅಂಗವನ್ನು ತೆಗೆದು ಹೊಸದನ್ನು ಕೂಡಿಸಿದ ವಿವರ ಕೂಡ ಬರುತ್ತದೆ. ‘ಶಿವಣ್ಣ’ ಎಂಬ ಹೆಸರಿನಲ್ಲಿದ್ದ ಅಣ್ಣತನ ಈ ಗಳಿಗೆಯಲ್ಲಿ ಬಿರುದಾಗಿ ಉಳಿಯದೆ ಸಂಬಂಧವಾಗುತ್ತದೆ. ಪಕ್ಕದಲ್ಲಿ ಪತ್ನಿ ಕೂತಿರುವುದೂ ಮುಖ್ಯ. ಕಾಯಿಲೆಯ ಮಾತಿಗೆ ಸಾಕ್ಷಿ ಹೇಳುವವರು ಮನೆಯವರೇ ಆಗಿರಬೇಕೆಂಬುದು ನಮ್ಮ ಕಡೆಯ ರೂಢಿ.

ಇಲ್ಲಿನ ಕನ್ನಡ ಉದ್ಘೋಷದ ಕನ್ನಡವಲ್ಲ, ಮನೆಯೊಳಗಿನ ಕನ್ನಡ. ಇಚಲಕರಂಜಿಯಲ್ಲಿ ಕನ್ನಡ ಉಳಿದಿರುವುದೂ ಮನೆಯೊಳಗೇ. ರಾಜ್ಯೋತ್ಸವದ ಭಾಷಣದ ಕನ್ನಡ ಗಡಿಯಾಚೆಯವನಿಗೆ ತನ್ನದಲ್ಲದ ಧ್ವಜದಂತೆ ಕಂಡರೆ, ಆಸ್ಪತ್ರೆಯ ಸಮಾಚಾರದ ಕನ್ನಡ ತನ್ನ ಅಜ್ಜಿಯ ಮಾತಿನಂತೆ ಕೇಳಿಸುತ್ತದೆ. ಈ ಮಟ್ಟಿಗೆ ತಾರೆಯ ಖಾಸಗಿ ಮಾತು ಹಳೆಯ ಅಭಿಮಾನಿ ಸಂಘ ಮುಟ್ಟಲಾರದ ಕಡೆ ಮುಟ್ಟಿದೆ. ಸಂಘ ಗಂಡಸರದು, ಯುವಕರದು, ಚೌಕದ್ದು, ತಾಲೀಮೂ ಹಾಗೆಯೇ. ರಬಕವಿಯಿಂದಲೋ ಮುಧೋಳದಿಂದಲೋ ಮದುವೆಯಾಗಿ ಇಚಲಕರಂಜಿಗೆ ಬಂದ ಹೆಣ್ಣುಮಗಳಿಗೆ ಇವೆರಡರಲ್ಲೂ ಪ್ರವೇಶವಿರಲಿಲ್ಲ. ನಟನೆಯಿಂದ ಬಹುಮಟ್ಟಿಗೆ ದೂರ ಸರಿದ ಮೇಲೂ ಮಕ್ಕಳು, ಹಬ್ಬ, ಮನೆಯ ಊಟದ ಚಿತ್ರಗಳ ಮೂಲಕ ನೋಡುಗರೊಡನೆ ಸಂಬಂಧ ಉಳಿಸಿಕೊಂಡ ರಾಧಿಕಾ ಪಂಡಿತ್‌ರಂಥವರ ಪುಟಗಳು ಅವಳಿಗೆ ತೆರೆದ ಬಾಗಿಲು. ಅಭಿಮಾನದ ಚರಿತ್ರೆಯಲ್ಲಿ ಇದು ಸಣ್ಣ ಬದಲಾವಣೆಯಲ್ಲ. ಕಟ್ಟೆ ಇಲ್ಲದ್ದಕ್ಕೆ ಮರುಗುವವರು, ಇದ್ದ ಕಟ್ಟೆಗಳ ಮೇಲೆ ಯಾರು ಕೂರುತ್ತಿದ್ದರೆಂದು ಕೇಳಿಕೊಳ್ಳುವುದು ಅಗತ್ಯ. ಆದರೆ ಆ ಬಾಗಿಲಿನಿಂದ ಅವಳು ಒಬ್ಬಳೇ ಒಳಹೋಗುತ್ತಾಳೆ, ಒಬ್ಬಳೇ ಹೊರಬರುತ್ತಾಳೆ. ಪಕ್ಕದ ಮನೆಯವಳೂ ಅದೇ ವಿಡಿಯೊ ನೋಡಿ ಕಣ್ಣೊರೆಸಿಕೊಂಡದ್ದು ಇವಳಿಗೆ ತಿಳಿಯುವುದಿಲ್ಲ. ಬೆನೆಡಿಕ್ಟ್ ಆಂಡರ್ಸನ್ ವಿವರಿಸಿದ ಪತ್ರಿಕೆಯ ಓದುಗ ತಾನು ಓದುವ ಹೊತ್ತಿಗೆ ಸಾವಿರಾರು ಜನ ಅದನ್ನೇ ಓದುತ್ತಿರುವರೆಂದು ಬಲ್ಲ. ಪಕ್ಕದ ಕ್ಷೌರದಂಗಡಿಯಲ್ಲಿ ಅದೇ ಪತ್ರಿಕೆ ಅವನ ಕಣ್ಣಿಗೆ ಬೀಳುತ್ತದೆ. ಫೋನು ಆ ಕಾಣುವಿಕೆಯನ್ನು ಅಂಕಿಯಾಗಿ ಮಾತ್ರ ತೋರಿಸುತ್ತದೆ.

ಆಪ್ತತೆಯ ಈ ಪ್ರಮಾಣಕ್ಕೆ ಎದುರಾಗಿ ಇಡಬೇಕಾದ ಉದಾಹರಣೆ ಪುನೀತ್ ರಾಜ್‌ಕುಮಾರ್ ಅವರದು. 2021ರ ಅಕ್ಟೋಬರ್ 29ರ ಬೆಳಿಗ್ಗೆ ಅವರು ಟ್ವಿಟರಿನಲ್ಲಿ ಅಣ್ಣನ ‘ಭಜರಂಗಿ 2’ ಚಿತ್ರಕ್ಕೆ ಶುಭ ಕೋರಿದರು. ಕೆಲವು ಗಂಟೆಗಳಲ್ಲಿ ಅವರಿರಲಿಲ್ಲ. ಆ ಒಂದು ಸಾಲಿನ ಶುಭಾಶಯದ ಅಡಿಯಲ್ಲಿ ಬಂದು ಸೇರಿದ ಶೋಕವನ್ನು ನೋಡಿದವರಿಗೆ, ಖಾಸಗಿತನವೇನೂ ಇಲ್ಲದ ಬರಹವೂ ಹೇಗೆ ಸಮಾಧಿಯಾಗಬಲ್ಲದೆಂಬುದು ಗೊತ್ತು. ಆದರೆ ಅಪ್ಪು ಅಭಿಮಾನವನ್ನು ಸಮುದಾಯವಾಗಿಸಿದ್ದು ಅವರು ಜಾಲತಾಣದಲ್ಲಿ ಹೇಳಿದ್ದಲ್ಲ. ಅವರು ಸದ್ದಿಲ್ಲದೆ ಮಾಡಿದ ಸಹಾಯಗಳ ಸಂಗತಿ ಸಾವಿನ ನಂತರ ಒಂದೊಂದಾಗಿ ಹೊರಬಂತು. ತಂದೆತಾಯಿಯಂತೆ ಅವರ ಕಣ್ಣುಗಳೂ ದಾನವಾಗಿ ನಾಲ್ವರಿಗೆ ದೃಷ್ಟಿ ಬಂತು. ಮುಂದಿನ ತಿಂಗಳುಗಳಲ್ಲಿ ನೇತ್ರದಾನದ ವಾಗ್ದಾನಗಳು ಎದ್ದು ಕಾಣುವಂತೆ ಏರಿದವು. ಅನ್ನದಾನ, ರಕ್ತದಾನ ಊರೂರಿನ ಆಚರಣೆಗಳಾದವು. ಇವೆಲ್ಲ ಅಭಿಮಾನಿ ಅಭಿಮಾನಿಯ ಕಡೆ ತಿರುಗಿ ಮಾಡುವ ಕೆಲಸಗಳು. ತಾರೆ ಹೇಳದೆ ಉಳಿಸಿದ ಜಾಗವನ್ನು ಅಭಿಮಾನಿಗಳು ತಮ್ಮ ಕೆಲಸದಿಂದ ತುಂಬಿಕೊಂಡರು. ಎಲ್ಲವನ್ನೂ ತಾನೇ ಹೇಳಿಬಿಡುವ ತಾರೆ ಆ ಜಾಗವನ್ನು ಬಿಟ್ಟುಕೊಡುವುದಿಲ್ಲ. ಅಭಿಮಾನಿಗೆ ಉಳಿಯುವುದು ಮೆಚ್ಚುವ ಕೆಲಸ ಮಾತ್ರ.

ಮನೆಯ ಮಾತನ್ನು ಹೊರಗಿಡುವುದರ ಇನ್ನೊಂದು ಪರಿಣಾಮ ಕರಾಳವಾದದ್ದು. 2024ರ ಜನವರಿಯಲ್ಲಿ ನಟ ದರ್ಶನ್ ಜೊತೆಗಿನ ಹತ್ತು ವರ್ಷಗಳ ಸಂಬಂಧದ ಬಗ್ಗೆ ನಟಿಯೊಬ್ಬರು ಇನ್‌ಸ್ಟಾಗ್ರಾಮಿನಲ್ಲಿ ಚಿತ್ರಗಳನ್ನು ಹಾಕಿದರು; ದರ್ಶನ್ ಪತ್ನಿ ಅದೇ ವೇದಿಕೆಯಲ್ಲಿ ಕಟುವಾಗಿ ಉತ್ತರಿಸಿದರು. ಅಭಿಮಾನಿಗಳ ನಡುವೆ ‘ಅತ್ತಿಗೆ’ ಯಾರೆಂಬ ವಾದ ಎದ್ದಿತು. ಬಂಧುವಾಚಕ ಇಲ್ಲಿ ಬರಿಯ ಅಕ್ಕರೆಯ ಮಾತಾಗಿ ಉಳಿಯಲಿಲ್ಲ. ಅಣ್ಣನ ಮನೆಯ ನ್ಯಾಯಾನ್ಯಾಯ ತೀರ್ಮಾನಿಸುವ ಅಧಿಕಾರವನ್ನೇ ತಮ್ಮನಿಗೆ ಅದು ಕೊಟ್ಟುಬಿಟ್ಟಿತು. ಅದೇ ಜೂನ್‌ನಲ್ಲಿ ಆ ನಟಿಗೆ ಅಶ್ಲೀಲ ಸಂದೇಶ ಕಳಿಸಿದನೆಂಬ ಕಾರಣಕ್ಕೆ ಚಿತ್ರದುರ್ಗದ ಯುವಕನೊಬ್ಬನನ್ನು ಕೊಲ್ಲಲಾಯಿತೆಂಬುದು ಪೊಲೀಸರ ಆರೋಪ. ದರ್ಶನ್ ಬಂಧನವಾಯಿತು, 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟು ಅವರ ಜಾಮೀನನ್ನು ರದ್ದುಗೊಳಿಸಿತು. ತೀರ್ಪು ನ್ಯಾಯಾಲಯದ ಕೆಲಸ. ನಮ್ಮ ಕೆಲಸಕ್ಕೆ ಬೇಕಾದದ್ದು ಬೇರೆ: 2025ರ ಜುಲೈನಲ್ಲಿ ಈ ಪ್ರಕರಣದ ಬಗ್ಗೆ ನಾಲ್ಕು ಮಾತು ಬರೆದ ನಟಿ ರಮ್ಯಾ ಮೇಲೆ ಹೊಲಸು ಸಂದೇಶಗಳ ಮಳೆ ಸುರಿದು, ಅವರು ಪೊಲೀಸರಿಗೆ ದೂರು ಕೊಡಬೇಕಾಯಿತು. ಒಬ್ಬರನ್ನೊಬ್ಬರು ಕಾಣದ ಅಭಿಮಾನಿಗಳು ಒಟ್ಟಾಗಿ ಮಾಡಿದ ಕೆಲಸವೆಂದರೆ ಇದು. ಇದನ್ನೂ ಸಮುದಾಯವೆನ್ನಬೇಕೇ ಎಂದು ಕೇಳಬಹುದು. ಸಂಘದ ಕಟ್ಟೆಯಲ್ಲಿ ಹಿರಿಯನೊಬ್ಬ ‘ಸಾಕು ಬಿಡ್ರೋ’ ಎನ್ನುವ ಸಾಧ್ಯತೆಯಾದರೂ ಇರುತ್ತಿತ್ತು. ಹಾಗೆಂದು ಕಟ್ಟೆಯನ್ನು ವೈಭವೀಕರಿಸುವಂತಿಲ್ಲ. 2024ರ ಜನವರಿ 8ರಂದು ನಟ ಯಶ್ ಹುಟ್ಟುಹಬ್ಬಕ್ಕೆಂದು ಗದಗ ಜಿಲ್ಲೆಯ ಸೂರಣಗಿಯಲ್ಲಿ ಕಟೌಟು ನಿಲ್ಲಿಸುವಾಗ ವಿದ್ಯುತ್ ತಗುಲಿ ಮೂವರು ಯುವಕರು ಸತ್ತರು. ಆ ದಿನ ತಾವು ಊರಿನಲ್ಲಿರುವುದಿಲ್ಲವೆಂದು ಯಶ್ ಮೊದಲೇ ಜಾಲತಾಣದಲ್ಲಿ ತಿಳಿಸಿದ್ದರು. ಆ ಹುಡುಗರಿಗೆ ಬೇಕಾಗಿದ್ದದ್ದು ಯಶ್ ಮನೆಯ ಸುದ್ದಿಯಲ್ಲ, ತಮ್ಮ ಊರಿನ ಬೀದಿಯಲ್ಲಿ ಯಶ್.

ಈ ಸೀಮೆಯ ಕನ್ನಡದ ಅಧ್ಯಯನಕ್ಕೆ ಇದರಿಂದ ಒದಗುವ ಎಚ್ಚರಿಕೆ ವಿಧಾನಕ್ಕೆ ಸಂಬಂಧಿಸಿದ್ದು. ಗಡಿಯಾಚೆಯ ಕನ್ನಡದ ಜೀವಂತಿಕೆಯನ್ನು ಕನ್ನಡ ತಾರೆಯರ ಹಿಂಬಾಲಕರ ಎಣಿಕೆಯಿಂದ ಅಳೆಯುವ ಉತ್ಸಾಹ ಈಚೆಗೆ ಹೆಚ್ಚುತ್ತಿದೆ. ಆ ಎಣಿಕೆ ಆಪ್ತತೆಯ ಎಣಿಕೆ. ಅದಕ್ಕಿಂತ ಉಪಯುಕ್ತವಾದ ಸಾಮಗ್ರಿ ಪ್ರತಿಕ್ರಿಯೆಗಳ ಲಿಪಿಯಲ್ಲಿದೆ. ಮರಾಠಿ ಮಾಧ್ಯಮದಲ್ಲಿ ಕಲಿತ ಗಡಹಿಂಗ್ಲಜದ ಹುಡುಗನಿಗೆ ಕನ್ನಡದ ಮಾತು ಬರುತ್ತದೆ, ಅಕ್ಷರ ಬಾರದು. ತಾರೆಯ ಬರಹ ಅವನಿಗೆ ಮುಚ್ಚಿದ ಪುಸ್ತಕ; ಮಾತಿನ ವಿಡಿಯೊ ತೆರೆದದ್ದು. ಖಾಸಗಿ ಮಾತು ಬರಹದಿಂದ ವಿಡಿಯೊಗೆ ಹೊರಳಿದ್ದರಿಂದಲೇ ಅವನು ಕನ್ನಡದ ಕೇಳುಗನಾಗಿ ಮರಳಿದ. ಉತ್ತರಿಸುವಾಗ ಅವನು ದೇವನಾಗರಿಯಲ್ಲೋ ರೋಮನ್ನಿನಲ್ಲೋ ಕನ್ನಡ ಬರೆಯುತ್ತಾನೆ: ಲಗೂನ ಆರಾಮ ಆಗ್ರಿ ಅಣ್ಣಾ. ಬೆಂಗಳೂರಿನ ಅಭಿಮಾನಿ ಅದನ್ನು ಮರಾಠಿಯೆಂದು ದಾಟಿ ಹೋಗುತ್ತಾನೆ. ಇಚಲಕರಂಜಿಯಲ್ಲಿ ಅದನ್ನು ಓದಿದವನಿಗೆ ಮಾತ್ರ, ಬರೆದವನು ಯಾವ ಓಣಿಯವನಿರಬಹುದೆಂಬ ಅಂದಾಜು ಸಿಕ್ಕುತ್ತದೆ.